ಮೂರು ನಿಮಿಷದ ಹಾಡು, 60 ವರ್ಷದ ಹಕ್ಕು

ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿರುವ ಹಾಡನ್ನು ಕಾನೂನು ಮೂರು ಸ್ವತ್ತಾಗಿ ಎಣಿಸುತ್ತದೆ. ಹಾಡಿನ ಸಾಹಿತ್ಯ ಒಂದು, ಅದಕ್ಕೆ ಕೂಡಿಸಿದ ಮಟ್ಟು ಇನ್ನೊಂದು, ಎರಡನ್ನೂ ಹಿಡಿದಿಟ್ಟ ಧ್ವನಿಮುದ್ರಣ ಮತ್ತೊಂದು. ಮೂರಕ್ಕೂ ಒಡೆಯರು ಬೇರೆ ಬೇರೆ ಇರಬಹುದು, ಹಕ್ಕು ಮುಗಿಯುವ ದಿನವೂ ಬೇರೆ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯದ ಹಕ್ಕು ಕವಿ ಬದುಕಿರುವಷ್ಟು ಕಾಲ ಇದ್ದು, ಅವರು ತೀರಿಕೊಂಡ ಮುಂದಿನ ಜನವರಿ 1ರಿಂದ ಇನ್ನೂ 60 ವರ್ಷ ಮುಂದುವರಿಯುತ್ತದೆ. ಮಟ್ಟು ಹಾಕಿದವರಿಗೂ ಇದೇ ಲೆಕ್ಕ. ಧ್ವನಿಮುದ್ರಣಕ್ಕೆ ಮಾತ್ರ ಯಾರ ಆಯುಷ್ಯದ ಲೆಕ್ಕವೂ ಇಲ್ಲ. ಅದು ಪ್ರಕಟವಾದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ, ಅಷ್ಟೆ. ಹಾಡಿದವರು ಈ ಮೂರರಲ್ಲಿ ಎಲ್ಲೂ ಬರುವುದಿಲ್ಲ. ಅವರಿಗೆಂದು ನಾಲ್ಕನೆಯ ಹಕ್ಕೊಂದು ಕಾಯ್ದೆಯೊಳಗೆ ಬಂದದ್ದು 1994ರ ತಿದ್ದುಪಡಿಯಲ್ಲಿ, ಅಂದರೆ ದೇಶದಲ್ಲಿ ತಟ್ಟೆಗಳು ಬಂದು 92 ವರ್ಷ ಕಳೆದ ಮೇಲೆ.

ಶಿಶುನಾಳ ಶರೀಫರ ಪದಗಳನ್ನು ತೆಗೆದುಕೊಂಡರೆ ಈ ವಿಂಗಡಣೆ ಸ್ಪಷ್ಟವಾಗುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಿಸಬಹುದು, ಮಾರಬಹುದು. ಆದರೆ ಅವೇ ಪದಗಳಿಗೆ ಸಿ. ಅಶ್ವತ್ಥ್ ಕೂಡಿಸಿದ ಮಟ್ಟು ಬೇರೆ ಸ್ವತ್ತು. ಅಶ್ವತ್ಥ್ ನಿಧನರಾದದ್ದು 2009ರ ಡಿಸೆಂಬರ್ 29ರಂದು. ಆ ಮಟ್ಟುಗಳ ಹಕ್ಕು 2069ರ ಕೊನೆಯ ದಿನದವರೆಗೆ ಇರುತ್ತದೆ. ಊರಿನ ಭಜನಾ ಮಂಡಳಿ ತಲೆಮಾರುಗಳಿಂದ ಬಂದ ಧಾಟಿಯಲ್ಲಿ ಶರೀಫರನ್ನು ಹಾಡಿ ರೆಕಾರ್ಡ್ ಮಾಡಿದರೆ ಯಾರ ಅಪ್ಪಣೆಯೂ ಬೇಡ. ಅಶ್ವತ್ಥರ ಮಟ್ಟಿನಲ್ಲಿ ಹಾಡಿ ಮಾರಾಟಕ್ಕಿಟ್ಟರೆ ಅಪ್ಪಣೆ ಬೇಕು.

ಭಾವಗೀತೆಗಳಲ್ಲಿ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಆಗ ಅವಧಿ 50 ವರ್ಷವಾಗಿದ್ದುದರಿಂದ 1987ರ ಕೊನೆಗೆ ಅವರ ಪದ್ಯಗಳು ಎಲ್ಲರ ಸ್ವತ್ತಾದವು. ಬಿ.ಎಂ.ಶ್ರೀಯವರು ಹೋದದ್ದು 1946ರಲ್ಲಿ. ಅವರ ಕವಿತೆಗಳು 1996ರ ಕೊನೆಗೆ ಬಿಡುಗಡೆಯಾಗಬೇಕಿತ್ತು. ಅಷ್ಟರಲ್ಲಿ 1992ರ ತಿದ್ದುಪಡಿ ಬಂತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು 1991ರ ಡಿಸೆಂಬರ್‌ನಲ್ಲಿ ಮುಗಿಯುವುದರಲ್ಲಿತ್ತು. ಅದನ್ನು ತಡೆಯಲು, ಹಿಂದಿನಿಂದಲೇ ಅನ್ವಯವಾಗುವಂತೆ ಅವಧಿಗೆ 10 ವರ್ಷ ಕೂಡಿಸಲಾಯಿತು. ಆ 10 ವರ್ಷ ಟ್ಯಾಗೋರರಿಗೆ ಮಾತ್ರ ಸೀಮಿತವಾಗಲಿಲ್ಲ. ಆಗ ಹಕ್ಕು ಮುಗಿಯದಿದ್ದ ದೇಶದ ಎಲ್ಲ ಕವಿಗಳಿಗೂ, ಎಲ್ಲ ಗ್ರಾಮಫೋನ್ ತಟ್ಟೆಗಳಿಗೂ ಅನ್ವಯವಾಯಿತು. ಬಿ.ಎಂ.ಶ್ರೀ ಕವಿತೆಗಳು 2006ರ ಕೊನೆಯವರೆಗೆ ಕಾಯಬೇಕಾಯಿತು. ಬೇಂದ್ರೆ ಮತ್ತು ಪಿ. ಕಾಳಿಂಗರಾಯರು ಇಬ್ಬರೂ 1981ರಲ್ಲಿಯೇ ತೀರಿಕೊಂಡದ್ದರಿಂದ ಬೇಂದ್ರೆಯವರ ಕವಿತೆ ಮತ್ತು ಕಾಳಿಂಗರಾಯರ ಸ್ವಂತ ಮಟ್ಟು ಎರಡರ ಹಕ್ಕೂ 2041ರ ಡಿಸೆಂಬರ್ 31ಕ್ಕೆ ಒಟ್ಟಿಗೇ ಮುಗಿಯುತ್ತದೆ. ಕುವೆಂಪು 1994ರಲ್ಲಿ, ಮೈಸೂರು ಅನಂತಸ್ವಾಮಿ 1995ರಲ್ಲಿ ನಿಧನರಾದರು. 2004ರಲ್ಲಿ ನಾಡಗೀತೆಯಾದ ಕುವೆಂಪು ಕವಿತೆಯ ಹಕ್ಕು 2054ರವರೆಗೂ, ಅದಕ್ಕೆ ಅನಂತಸ್ವಾಮಿ ಹಾಕಿದ ಮಟ್ಟಿನ ಹಕ್ಕು 2055ರವರೆಗೂ ಇರುತ್ತದೆ.

ಸಿನಿಮಾ ಹಾಡುಗಳಿಗೆ ಬಂದರೆ, 1954ರ ‘ಬೇಡರ ಕಣ್ಣಪ್ಪ’ದ ತಟ್ಟೆಗಳ ಧ್ವನಿಮುದ್ರಣದ ಹಕ್ಕು 2014ರ ಕೊನೆಗೇ ಮುಗಿದಿದೆ. ಆದರೂ ಅದರ ಹಾಡುಗಳು ಪೂರ್ತಿ ಮುಕ್ತವಲ್ಲ. ಸಂಗೀತ ನಿರ್ದೇಶಕ ಆರ್. ಸುದರ್ಶನಂ 1991ರವರೆಗೆ ಬದುಕಿದ್ದರು, ಹಾಗಾಗಿ ಮಟ್ಟಿನ ಹಕ್ಕು 2051ರವರೆಗೆ ಇದೆ. 1965ರ ‘ಸತ್ಯ ಹರಿಶ್ಚಂದ್ರ’ದ ಧ್ವನಿಮುದ್ರಣಗಳಿಗೆ 2025ರ ಡಿಸೆಂಬರ್ 31 ಕೊನೆಯ ದಿನ. ಆ ಸಿನಿಮಾಕ್ಕೆ ಸಂಗೀತ ಕೊಟ್ಟ ಪೆಂಡ್ಯಾಲ ನಾಗೇಶ್ವರರಾವ್ ಅವರ ಮಟ್ಟುಗಳು 2044ರವರೆಗೂ, ಹುಣಸೂರು ಕೃಷ್ಣಮೂರ್ತಿಯವರ ಸಾಹಿತ್ಯ 2049ರವರೆಗೂ ಹಕ್ಕಿನೊಳಗೇ ಇರುತ್ತವೆ. ಹಳೆಯ ಹಾಡು ಎಂದರೆ ಎಲ್ಲರದ್ದೂ ಎಂಬ ನಂಬಿಕೆ ಊರೂರಿನಲ್ಲಿದೆ. ಕಾನೂನಿನಲ್ಲಿ ‘ಹಳೆಯದು’ ಎಂಬ ಒಂದೇ ಗೆರೆ ಇಲ್ಲ.

ಒಮ್ಮೆ ಕೊಟ್ಟರೆ ಮುಗಿಯಿತು

ಭಾರತದಲ್ಲಿ ಗ್ರಾಮಫೋನ್ ಕಂಪನಿ ಮೊದಲ ಧ್ವನಿಮುದ್ರಣ ಮಾಡಿದ್ದು 1902ರ ನವೆಂಬರ್‌ನಲ್ಲಿ, ಕಲ್ಕತ್ತೆಯಲ್ಲಿ. ಆ ವಾರಗಳಲ್ಲಿ ಕಂಪನಿಯ ಧ್ವನಿಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್‌ನ ಯಂತ್ರದ ಮುಂದೆ ಹಾಡಿದ ಗೌಹರ್ ಜಾನ್ ದೇಶದ ಮೊದಲ ತಟ್ಟೆ ತಾರೆಯಾದರು. ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಅವರ ಹಾಡುಗಳು ಆಮೇಲೂ ತಟ್ಟೆಯ ಮೇಲೆ ತಿರುಗಿದವು. ಆ ತಿರುಗುವಿಕೆಯಿಂದ ಹಾಡುಗಾರ್ತಿಗೆ ಏನೂ ಸಲ್ಲಬೇಕೆಂದು ಆಗಿನ ಕಾನೂನು ಹೇಳುತ್ತಿರಲಿಲ್ಲ. ಬ್ರಿಟನ್ನಿನ 1911ರ ಕಾಯ್ದೆಯನ್ನೇ ಅಲ್ಪಸ್ವಲ್ಪ ಬದಲಿಸಿ 1914ರಲ್ಲಿ ಇಲ್ಲಿ ಜಾರಿ ಮಾಡಲಾಗಿತ್ತು. ತಟ್ಟೆಯ ಹಕ್ಕು ಮೂಲ ಅಚ್ಚಿನ ಒಡೆಯನದು, ಅಂದರೆ ಕಂಪನಿಯದು, ಎಂಬುದು ಅದರ ನಿಲುವು.

ಕರ್ನಾಟಕದ ದೊಡ್ಡ ಗಾಯಕರೆಲ್ಲರೂ ಈ ವ್ಯವಸ್ಥೆಯೊಳಗೆ ಹಾಡಿದವರೇ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು 1930ರ ದಶಕದಲ್ಲಿ ಗ್ರಾಮಫೋನ್ ಕಂಪನಿಯ ಎಚ್.ಎಂ.ವಿ. ಲೇಬಲ್ಲಿನಲ್ಲಿ ಹೊರಬಂದಾಗ ಅವುಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿ ನಾಟಕ ಕಂಪನಿಯಲ್ಲಿದ್ದು, ಆಮೇಲೆ ಎಚ್.ಎಂ.ವಿ.ಗೆ ಹಾಡಿದರು. ಮೂರು ನಿಮಿಷದ ಮಿತಿಯೊಳಗೆ ರಾಗವೊಂದನ್ನು ಹಿಡಿದಿಡುವುದು ಸಣ್ಣ ಕೆಲಸವಲ್ಲ. ಆ ಕಾಲದ ತಟ್ಟೆಗಳು ಇವತ್ತಿಗೂ ಸಂಗೀತದ ವಿದ್ಯಾರ್ಥಿಗಳಿಗೆ ಪಾಠ. ಗಂಗೂಬಾಯಿಯವರ 1935ರ ತಟ್ಟೆಯೊಂದನ್ನು ಊಹಿಸಿಕೊಂಡರೆ, ಅದರ ಮೇಲಿನ ಕಂಪನಿಯ ಹಕ್ಕು 1985ರ ಕೊನೆಗೆ ಮುಗಿದಿರುತ್ತದೆ. ಅವರು ಬದುಕಿದ್ದು 2009ರವರೆಗೆ. ತಮ್ಮದೇ ದನಿಯ ಮೇಲೆ ಕಂಪನಿಯ ಹಕ್ಕು ಇದ್ದಾಗಲೂ ಅವರಿಗೆ ಕಾನೂನಿನ ಪಾಲಿರಲಿಲ್ಲ, ಅದು ಮುಗಿದ ಮೇಲೂ ಇರಲಿಲ್ಲ.

1957ರ ಕಾಯ್ದೆ ಬಂದಾಗಲೂ ಈ ಸ್ಥಿತಿ ಬದಲಾಗಲಿಲ್ಲ. ಕವಿಗಳು ಮತ್ತು ಸಂಗೀತ ನಿರ್ದೇಶಕರು 1969ರಲ್ಲಿ ಐ.ಪಿ.ಆರ್.ಎಸ್. ಎಂಬ ಸಂಘ ಕಟ್ಟಿಕೊಂಡು, ತಮ್ಮ ಹಾಡು ಸಾರ್ವಜನಿಕವಾಗಿ ಮೊಳಗಿದಾಗಲೆಲ್ಲ ಗೌರವಧನ ಬೇಕೆಂದು ಕೇಳಿದರು. ಧ್ವನಿಮುದ್ರಣ ಕಂಪನಿಗಳ ಸಂಸ್ಥೆಯಾದ ಪಿ.ಪಿ.ಎಲ್. 1941ರಿಂದಲೇ ಇತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಕಂಪನಿಗಳು ಒಗ್ಗೂಡಿ 28 ವರ್ಷವಾದ ಮೇಲೆ ಬರೆಯುವವರು ಒಗ್ಗೂಡಿದರು. ಐ.ಪಿ.ಆರ್.ಎಸ್. ಬೇಡಿಕೆಯನ್ನು ಸಿನಿಮಾ ನಿರ್ಮಾಪಕರು ಒಪ್ಪದೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1977ರ ತೀರ್ಪು ನಿರ್ಮಾಪಕರ ಪರವಾಗಿತ್ತು. ಸಿನಿಮಾಕ್ಕೆಂದು ಹಣ ಕೊಟ್ಟು ಬರೆಸಿದ, ಮಟ್ಟು ಹಾಕಿಸಿದ ಹಾಡಿನ ಮೊದಲ ಒಡೆಯ ನಿರ್ಮಾಪಕನೇ, ಬೇರೆ ಕರಾರು ಇಲ್ಲದಿದ್ದರೆ ಕವಿಗೂ ಸಂಗೀತಗಾರನಿಗೂ ಆಮೇಲೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂಬುದು ಅದರ ಸಾರ. ಅದೇ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತಮ್ಮದೊಂದು ಟಿಪ್ಪಣಿ ಸೇರಿಸಿದರು. ಹಾಡಿಗೆ ಜೀವ ಕೊಡುವ ಗಾಯಕರ ಹೆಸರೇ ಕಾಯ್ದೆಯಲ್ಲಿ ಇಲ್ಲದ್ದನ್ನು ಅವರು ಎತ್ತಿ ತೋರಿಸಿ, ಸಂಸತ್ತು ಇದನ್ನು ಸರಿಪಡಿಸಬೇಕೆಂದು ಸೂಚಿಸಿದರು. ಸಂಸತ್ತು 17 ವರ್ಷ ತೆಗೆದುಕೊಂಡಿತು.

1994ರ ತಿದ್ದುಪಡಿ 1995ರ ಮೇ 10ರಂದು ಜಾರಿಗೆ ಬಂದು, ಹಾಡುವವರಿಗೆ ಮತ್ತು ನುಡಿಸುವವರಿಗೆ ಮೊದಲ ಬಾರಿಗೆ ಸ್ವಂತ ಹಕ್ಕು ಕೊಟ್ಟಿತು. ಆರಂಭದಲ್ಲಿ ಅದರ ಅವಧಿ 25 ವರ್ಷ, 1999ರಲ್ಲಿ 50 ವರ್ಷವಾಯಿತು. ಇದು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ. ಬಸವರಾಜ ರಾಜಗುರು 1991ರಲ್ಲಿ ಹೋಗಿದ್ದರು. ಕುಮಾರ ಗಂಧರ್ವ ಮತ್ತು ಮನ್ಸೂರ್ 1992ರಲ್ಲಿ. ಅನಂತಸ್ವಾಮಿ ತೀರಿಕೊಂಡದ್ದು ಈ ತಿದ್ದುಪಡಿ ಜಾರಿಯಾಗುವ ನಾಲ್ಕು ತಿಂಗಳ ಮುಂಚೆ. ಕನ್ನಡ ನಾಡಿನ ಹಿಂದೂಸ್ತಾನಿ ಸಂಗೀತದ ಅತ್ಯಂತ ಬೆಲೆಬಾಳುವ ಧ್ವನಿಮುದ್ರಣಗಳಿಗೆ ಗಾಯಕರ ಹಕ್ಕು ಎಂಬುದು ಹುಟ್ಟಲೇ ಇಲ್ಲ. ಇದು ಆ ಕಲಾವಿದರಿಗೆ ಆದ ಅನ್ಯಾಯ ಎಂದು ನೇರವಾಗಿಯೇ ಹೇಳಬೇಕು. ಅವರ ದನಿಯನ್ನು ಕೇಳಲು ಜನ ತಟ್ಟೆ ಕೊಂಡರೇ ಹೊರತು ಅದನ್ನು ಅಚ್ಚು ಹಾಕಿದವರಿಗಾಗಿ ಅಲ್ಲ.

ನಿಜವಾದ ತಿರುವು 2012ರದು. ಆ ವರ್ಷದ ಜೂನ್ 21ರಿಂದ ಜಾರಿಯಾದ ತಿದ್ದುಪಡಿಗೆ ರಾಜ್ಯಸಭೆಯಲ್ಲಿ ಗೀತರಚನಕಾರ ಜಾವೇದ್ ಅಖ್ತರ್ ದೊಡ್ಡ ದನಿಯಾಗಿದ್ದರು. ಸಿನಿಮಾಕ್ಕೆ ಹಾಡು ಬರೆದವರು, ಮಟ್ಟು ಹಾಕಿದವರು ಗೌರವಧನ ಪಡೆಯುವ ಹಕ್ಕನ್ನು ಬರೆದುಕೊಟ್ಟರೂ ಆ ಬರವಣಿಗೆ ಊರ್ಜಿತವಲ್ಲ. ವಾರಸುದಾರರಿಗೆ ಅಥವಾ ತಮ್ಮ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಚಿತ್ರಮಂದಿರದ ಹೊರಗೆ ಹಾಡು ಎಲ್ಲಿ ಬಳಕೆಯಾದರೂ ಅವರಿಗೆ ಪಾಲು ಇದೆ. ಗಾಯಕರಿಗೂ ತಮ್ಮ ಗಾಯನದ ವಾಣಿಜ್ಯ ಬಳಕೆಯಲ್ಲಿ ಗೌರವಧನ ಸಿಗಬೇಕೆಂದು ಕಾಯ್ದೆ ಹೇಳಿತು, 2013ರಲ್ಲಿ ಗಾಯಕರದ್ದೇ ಒಂದು ಸಂಘ ನೋಂದಣಿಯಾಯಿತು. ಹಾಗೆಂದು ಹಾಡು ಗಾಯಕರದ್ದಾಗಲಿಲ್ಲ. 2017ರ ಮಾರ್ಚ್‌ನಲ್ಲಿ ಅಮೆರಿಕದ ಪ್ರವಾಸದಲ್ಲಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ, ಅನುಮತಿಯಿಲ್ಲದೆ ತಮ್ಮ ರಚನೆಗಳನ್ನು ಹಾಡಬಾರದೆಂದು ಇಳಯರಾಜ ನೋಟಿಸ್ ಕಳಿಸಿದಾಗ ಕೇಳುಗರು ದಿಗ್ಭ್ರಮೆಗೊಂಡರು. ಹಾಡಿ ಹೆಸರು ಮಾಡಿದವರಿಗೂ ಅದೇ ಹಾಡನ್ನು ಟಿಕೆಟ್ ಇಟ್ಟ ವೇದಿಕೆಯಲ್ಲಿ ಮತ್ತೆ ಹಾಡಲು ಪರವಾನಗಿ ಬೇಕು ಎಂಬುದು ಹಲವರಿಗೆ ತಿಳಿದದ್ದೇ ಆಗ.

ಜಾತ್ರೆಯ ನಾಟಕ, ಮದುವೆಯ ಬ್ಯಾಂಡು

ದಾವಣಗೆರೆ ಮತ್ತು ಹರಿಹರದ ಸೀಮೆಯಲ್ಲಿ ಈ ಕಾನೂನು ಜನರಿಗೆ ಎದುರಾಗುವ ಮೊದಲ ಜಾಗ ರಂಗಭೂಮಿ. ಚಿಂದೋಡಿ ವೀರಪ್ಪನವರ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿ, ಜನರ ಬಾಯಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿ, ದಾವಣಗೆರೆಯದು. ಅವರ ಮಗಳು, ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅದೇ ಪರಂಪರೆಯಲ್ಲಿ ನಟಿಸಿ, ಹಾಡಿ, ಕಂಪನಿ ನಡೆಸಿದವರು. ಊರಿನಲ್ಲಿ ಸರ್ಕಾರದ ವೃತ್ತಿ ರಂಗಭೂಮಿ ರಂಗಾಯಣವೂ ಇದೆ. ಕಂಪನಿ ನಾಟಕದ ಜೀವವೇ ಹಾಡು. ಆದರೆ ಕಂಪನಿ ಕವಿಗೆ ನಾಟಕ ಬರೆದುಕೊಟ್ಟದ್ದಕ್ಕೆ, ಹಾರ್ಮೋನಿಯಂ ಮಾಸ್ತರರಿಗೆ ಮಟ್ಟು ಕೂಡಿಸಿದ್ದಕ್ಕೆ ಸಂದದ್ದು ಸಾಮಾನ್ಯವಾಗಿ ಒಂದು ಸಲದ ಸಂಭಾವನೆ ಅಥವಾ ತಿಂಗಳ ಸಂಬಳ. ಕರಾರು ಬಾಯಿಮಾತಿನದು. ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಹಳೆಯ ರಂಗಗೀತೆಯೊಂದನ್ನು ಇವತ್ತು ಪ್ರಕಟಿಸಲು ಹೊರಟವರಿಗೆ ಅದರ ಒಡೆಯರು ಕವಿಯ ಮೊಮ್ಮಕ್ಕಳೋ, ಮುಚ್ಚಿಹೋದ ಕಂಪನಿಯ ವಾರಸುದಾರರೋ, ತಟ್ಟೆ ಹೊರತಂದವರೋ ಎಂಬುದು ಗೊತ್ತಾಗದೆ ಉಳಿಯುವುದು ಇದರಿಂದಲೇ.

ಕೆಲವರ ವಿಷಯದಲ್ಲಿ ಲೆಕ್ಕ ಸುಲಭ. ಗುಬ್ಬಿ ಕಂಪನಿಗೆ ಸಾಲು ಸಾಲು ನಾಟಕ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು 1961ರಲ್ಲಿ ತೀರಿಕೊಂಡರು, ಅವರ ಹಾಡುಗಳ ಸಾಹಿತ್ಯ 2021ರ ಕೊನೆಗೆ ಮುಕ್ತವಾಗಿದೆ. ಹಳ್ಳಿಗಳಲ್ಲಿ ಮತ್ತೆ ಮತ್ತೆ ಆಡುವ ಪಿ.ಬಿ. ಧುತ್ತರಗಿಯವರ ನಾಟಕಗಳ ಹಕ್ಕು ಇನ್ನೂ ದಶಕಗಳ ಕಾಲ ಇರುತ್ತದೆ. ಗದುಗಿನ ಪುಟ್ಟರಾಜ ಗವಾಯಿಗಳು ‘ಹೇಮರೆಡ್ಡಿ ಮಲ್ಲಮ್ಮ’ದಂಥ ನಾಟಕ ಬರೆದು, ಆಶ್ರಮದ ನಾಟಕ ಕಂಪನಿಯ ಗಳಿಕೆಯಿಂದ ಅಂಧ ಮಕ್ಕಳನ್ನು ಸಾಕಿದರು. ಅವರು ಲಿಂಗೈಕ್ಯರಾದದ್ದು 2010ರಲ್ಲಿ. ಕೃತಿಗಳ ಹಕ್ಕು 2070ರವರೆಗೆ.

ಆನಗೋಡಿನಂಥ ಹೋಬಳಿ ಊರಿನಲ್ಲಿ ಜಾತ್ರೆಗೆ ನಾಟಕ ಆಡಿಸುವ ಹವ್ಯಾಸಿ ಸಂಘ ಇದೆಲ್ಲಕ್ಕೂ ದುಡ್ಡು ಕಟ್ಟಬೇಕೇ? ಬೇಕಿಲ್ಲ. ಕಾಯ್ದೆಯ 52ನೇ ಕಲಮು ಇಂಥವರಿಗಾಗಿಯೇ ಬಾಗಿಲು ತೆರೆದಿಟ್ಟಿದೆ. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ನಾಟಕವನ್ನೋ ಹಾಡನ್ನೋ ಪ್ರದರ್ಶಿಸಿದರೆ ಅದು ಉಲ್ಲಂಘನೆಯಲ್ಲ. ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿದ್ದರೆ ಟಿಕೆಟ್ ಇಟ್ಟರೂ ಅಡ್ಡಿಯಿಲ್ಲ. ಆದರೆ ಈ ವಿನಾಯಿತಿ ಇರುವುದು ಸಾಹಿತ್ಯ, ನಾಟಕ ಮತ್ತು ಸಂಗೀತ ಕೃತಿಗಳ ಪ್ರದರ್ಶನಕ್ಕೆ. ಮಾಸ್ತರರು ಪೆಟ್ಟಿಗೆ ಹಿಡಿದು ಸಿನಿಮಾ ಧಾಟಿಯನ್ನು ನುಡಿಸಿ ಪಾತ್ರಧಾರಿ ಹಾಡಿದರೆ ಇದರೊಳಗೆ ಬರುತ್ತದೆ. ಅದೇ ಸಿನಿಮಾದ ರೆಕಾರ್ಡನ್ನು ಸ್ಪೀಕರಿನಲ್ಲಿ ಹಾಕಿ ಕುಣಿದರೆ ಅದು ಧ್ವನಿಮುದ್ರಣದ ಬಳಕೆ, ಬೇರೆ ಲೆಕ್ಕ. ನಾಟಕವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರೂ ಬೇರೆ ಲೆಕ್ಕವೇ. ಜಾತ್ರೆಯ ಕಟ್ಟೆಗೆ ಇದ್ದ ವಿನಾಯಿತಿ ಅಂತರ್ಜಾಲದವರೆಗೆ ಹಿಂಬಾಲಿಸಿ ಬರುವುದಿಲ್ಲ.

ಮದುವೆಯ ವಿಷಯದಲ್ಲಿ ಕಾಯ್ದೆ ಇನ್ನೂ ಉದಾರಿ. ಧಾರ್ಮಿಕ ಆಚರಣೆಗಳಲ್ಲಿ ಹಾಡು ಮತ್ತು ಧ್ವನಿಮುದ್ರಣ ಎರಡನ್ನೂ ಬಳಸಬಹುದು, ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸಂಬಂಧಿಸಿದ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಎಂಬ ವಿವರಣೆ ಕಾಯ್ದೆಯಲ್ಲೇ ಇದೆ. ಹೀಗಿದ್ದರೂ ಮದುವೆ ಮನೆಗಳಿಂದ ಹಣ ಕೇಳುತ್ತಿರುವ ದೂರುಗಳು ಬಂದದ್ದರಿಂದ ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಿ, ಮದುವೆಯ ಸಂಗೀತಕ್ಕೆ ಗೌರವಧನ ವಸೂಲಿ ಮಾಡುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಸರ್ಕಾರದ, ನಗರಸಭೆಯ ಅಧಿಕೃತ ಸಮಾರಂಭಗಳಿಗೂ, ವಿದ್ಯಾರ್ಥಿಗಳು, ಶಿಕ್ಷಕರು, ಪೋಷಕರಷ್ಟೇ ಸೇರುವ ಶಾಲಾ ಕಾರ್ಯಕ್ರಮಗಳಿಗೂ ವಿನಾಯಿತಿ ಇದೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಗಿರಾಕಿಗಳಿಗಾಗಿ ಹಳೆಯ ಹಾಡು ಹಾಕುವ ಮಾಲೀಕರಿಗೆ ಇಲ್ಲ. ಅವರು ಸಾಹಿತ್ಯ ಮತ್ತು ಮಟ್ಟಿಗೆ ಒಂದು ಪರವಾನಗಿ, ಧ್ವನಿಮುದ್ರಣಕ್ಕೆ ಇನ್ನೊಂದು ಪರವಾನಗಿ ಪಡೆಯಬೇಕು.

ಪರವಾನಗಿಯಿಂದ ಬಂದ ಹಣ ಹಾಡು ಮಾಡಿದವರನ್ನು ತಲುಪಬೇಕಾದರೆ ಅವರು ಸಂಘದ ಸದಸ್ಯರಾಗಿರಬೇಕು, ಅವರ ಹಾಡುಗಳ ಪಟ್ಟಿ ಅಲ್ಲಿ ದಾಖಲಾಗಿರಬೇಕು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರುತ್ತದೆ. ಜಿಲ್ಲೆಯ ಊರುಗಳಲ್ಲಿ ಕ್ಯಾಸೆಟ್ ಕಾಲದಲ್ಲಿ ಜನಪದ ಗೀತೆ, ಭಕ್ತಿಗೀತೆ ಬರೆದು ಹಾಡಿದವರಲ್ಲಿ ಬಹುತೇಕರಿಗೆ ಈ ಮಾಹಿತಿ ತಲುಪಿಯೇ ಇಲ್ಲ. ಹಕ್ಕು ಕಾಗದದ ಮೇಲೆ ಬಂದರೂ ಕೈಗೆ ಬಾರದಿರುವುದಕ್ಕೆ ಇದೇ ಕಾರಣ.

ತಾವಾಗಿಯೇ ಹೊಸದಾಗಿ ಹಾಡಿ ಹೊರತರಲು ಬಯಸುವವರಿಗೆ ಕಾಯ್ದೆ ಒಂದು ದಾರಿ ಇಟ್ಟಿತ್ತು. ಮೂಲ ತಟ್ಟೆ ಬಂದು ಎರಡು ವರ್ಷವಾದ ಮೇಲೆ ನಿಗದಿತ ಗೌರವಧನ ಕಟ್ಟಿ ಯಾರು ಬೇಕಾದರೂ ಅದೇ ಹಾಡನ್ನು ಬೇರೆ ದನಿಯಲ್ಲಿ ಮುದ್ರಿಸಬಹುದಿತ್ತು. 1980ರ ದಶಕದ ಕ್ಯಾಸೆಟ್ ಮಾರುಕಟ್ಟೆ ದೊಡ್ಡದಾದದ್ದು ಈ ದಾರಿಯಿಂದಲೂ ಹೌದು; ಮೂಲ ಗಾಯಕರ ದನಿಗೆ ಹತ್ತಿರದ ದನಿಯವರಿಗೆ ಕೆಲಸ ಸಿಕ್ಕಿತು, ಕಡಿಮೆ ಬೆಲೆಗೆ ಹಾಡು ಹಳ್ಳಿ ಮುಟ್ಟಿತು. 2012ರಲ್ಲಿ ಕಾಯುವ ಅವಧಿ ಐದು ವರ್ಷವಾಯಿತು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಗೌರವಧನ ಮುಂಗಡ ಕಟ್ಟಬೇಕೆಂಬ ನಿಯಮ ಬಂತು. ಪ್ರಸಾರ ಕಡಿಮೆಯಿರುವ ಭಾಷೆಗಳಿಗೆ ಈ ಸಂಖ್ಯೆಯನ್ನು ಇಳಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಹರಿಹರದ ಯುವ ಗಾಯಕಿಯೊಬ್ಬಳು ಕಾಳಿಂಗರಾಯರ ಮಟ್ಟೊಂದನ್ನು ಹಾಡಿ ಕಾನೂನುಬದ್ಧವಾಗಿ ಹೊರತರಬೇಕೆಂದರೆ 50,000 ಪ್ರತಿಗಳ ಲೆಕ್ಕ ಅವಳ ಅಳತೆಗೆ ಮೀರಿದ್ದು.

ಎಲ್ಲಿವೆ ಆ ತಟ್ಟೆಗಳು

ಹಕ್ಕು ಮುಗಿದ ಮಾತ್ರಕ್ಕೆ ಹಾಡು ಕೇಳಲು ಸಿಗುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರ ಅಭಿನಯ, ಕಂಪನಿ ನಾಟಕದ ಹಾಡುಗಾರಿಕೆಯೇ ನೇರವಾಗಿ ತೆರೆಗೆ ಬಂದ ಚಿತ್ರ. ಇಂದು ಅದರ ಪ್ರತಿಯೇ ಉಳಿದಿಲ್ಲ. ಅದರ ಹಕ್ಕಿನ ಅವಧಿ ಮುಗಿದು ದಶಕಗಳಾಗಿವೆ, ಕೇಳಲು ನೋಡಲು ಏನೂ ಇಲ್ಲ. ಅರಗಿನ ತಟ್ಟೆಗಳು ಕೈಜಾರಿದರೆ ಒಡೆಯುತ್ತವೆ, ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ವಸ್ತುವಿನ ಆಯುಷ್ಯ ಹಕ್ಕಿನ ಆಯುಷ್ಯಕ್ಕಿಂತ ಕಡಿಮೆಯಾದಲ್ಲಿ ಹಕ್ಕು ಮುಗಿಯುವ ಹೊತ್ತಿಗೆ ಹಾಡು ಉಳಿದಿರುವುದಿಲ್ಲ. ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಆತಂಕ ಪಡಬೇಕಾದ ಸಂಗತಿ ಇದು.

ಕಂಪನಿಗಳ ಬಳಿ ಮೂಲ ಅಚ್ಚುಗಳಿರಬಹುದು. ಗ್ರಾಮಫೋನ್ ಕಂಪನಿಯ ಭಾರತದ ಸಂಗ್ರಹ ಈಗ ಸರೆಗಮ ಹೆಸರಿನಲ್ಲಿದೆ. ಮಾರಾಟವಾಗುವ ಸಿನಿಮಾ ಹಾಡುಗಳು ಅಲ್ಲಿಂದ ಹೊಸ ರೂಪದಲ್ಲಿ ಬರುತ್ತಲೇ ಇರುತ್ತವೆ, ಕೆಲವೇ ನೂರು ಕೇಳುಗರಿರುವ ರಂಗಗೀತೆಯ ತಟ್ಟೆ ಬರುವುದಿಲ್ಲ. ಕಾಯ್ದೆ ಇವೆರಡರ ನಡುವೆ ವ್ಯತ್ಯಾಸ ಮಾಡದು. ಅಂಗಡಿಯಲ್ಲಿ ಸಿಗುವ ಹಾಡಿಗೂ, 50 ವರ್ಷದಿಂದ ಯಾರೂ ಹೊರತರದ ಹಾಡಿಗೂ ಒಂದೇ ಬೇಲಿ.

ಆಕಾಶವಾಣಿಯದು ಇನ್ನೊಂದು ಕಥೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರವೂ, ದಾವಣಗೆರೆಯ ಮನೆಗಳಲ್ಲಿ ದಿನವೂ ಮೊಳಗಿದ 1965ರ ಭದ್ರಾವತಿ ಕೇಂದ್ರವೂ ಸುತ್ತಲಿನ ಕಲಾವಿದರನ್ನು ಕರೆಸಿ ಹಾಡಿಸಿದವು. ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಪ್ರತ್ಯೇಕ ಹಕ್ಕಿದೆ, ಧ್ವನಿಮುದ್ರಣದ ಮೇಲೆ ಅದಕ್ಕಿಂತ ಉದ್ದನೆಯ ಹಕ್ಕಿದೆ. ಸಾರ್ವಜನಿಕ ಹಣದಲ್ಲಿ ಮುದ್ರಿತವಾದ ಈ ಸಂಗೀತದಲ್ಲಿ ಆಯ್ದ ಕೆಲವೇ ಭಾಗ ಸಿ.ಡಿ.ಗಳಾಗಿ ಬಂದಿದೆ. ಜನರ ದುಡ್ಡಿನಿಂದ ಆದದ್ದು ಜನರಿಗೆ ಕೇಳಲು ಸಿಗಬೇಕು.

ಖಾಸಗಿ ಬೈಠಕ್‌ಗಳಲ್ಲಿ, ಮಠದ ಜಾಗರಣೆಗಳಲ್ಲಿ ಅಭಿಮಾನಿಗಳು ಸ್ಪೂಲ್ ಟೇಪಿನ ಮೇಲೆ ಹಿಡಿದಿಟ್ಟ ಸಂಗೀತದ ಸ್ಥಿತಿ ವಿಚಿತ್ರವಾದದ್ದು. 60 ವರ್ಷದ ಎಣಿಕೆ ಶುರುವಾಗುವುದೇ ಪ್ರಕಟಣೆಯಿಂದ. ಎಂದೂ ಪ್ರಕಟವಾಗದ ಧ್ವನಿಮುದ್ರಣಕ್ಕೆ ಗಡುವು ಶುರುವಾಗುವುದೇ ಇಲ್ಲ. 1934ರಲ್ಲಿ ಮಾರಾಟವಾದ ತಟ್ಟೆ ಮುಕ್ತ, 1964ರಲ್ಲಿ ಮನೆಯ ಪಡಸಾಲೆಯಲ್ಲಿ ಮುದ್ರಿಸಿ ಕಪಾಟಿನಲ್ಲಿಟ್ಟ ಟೇಪು ಇಂದಿಗೂ ಹಕ್ಕಿನೊಳಗೆ.

ಈ ಕೊರತೆಯನ್ನು ತುಂಬುತ್ತ ಬಂದವರು ಸಂಗ್ರಾಹಕರು. ಮುಂಬೈಯಲ್ಲಿ ತಟ್ಟೆ ಸಂಗ್ರಾಹಕರ ಸಂಘವೊಂದು ದಶಕಗಳಿಂದ ಕೆಲಸ ಮಾಡಿದೆ. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಕಟ್ಟಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಇಪ್ಪತ್ತನೆಯ ಶತಮಾನದ ಆರಂಭದ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಅಂತರ್ಜಾಲದಲ್ಲಿ ಉಚಿತವಾಗಿ ಕೇಳಲು ಇಟ್ಟಿದೆ. ಗೌಹರ್ ಜಾನ್ ಅವರ ಜೀವನ ಚರಿತ್ರೆಗಾಗಿ ನಡೆಸಿದ ಹುಡುಕಾಟದ ಫಲ ಅದು. ಊರಿನ ಮಟ್ಟದಲ್ಲಿ, ಗಿರಾಕಿ ಬರೆದುಕೊಟ್ಟ ಪಟ್ಟಿಯಂತೆ ಎಲ್.ಪಿ.ಯಿಂದ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುತ್ತಿದ್ದ ಅಂಗಡಿಗಳು, ಆಮೇಲೆ ಮೆಮೊರಿ ಕಾರ್ಡ್ ತುಂಬಿಸಿದ ಮೊಬೈಲ್ ಅಂಗಡಿಗಳು ಹಳೆಯ ಹಾಡುಗಳನ್ನು ಚಲಾವಣೆಯಲ್ಲಿಟ್ಟವು. ಕಾನೂನಿನಲ್ಲಿ ಇದು ಅಪರಾಧ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ, ದಂಡ 50,000 ರೂಪಾಯಿಯಿಂದ 2 ಲಕ್ಷ. ಕರ್ನಾಟಕ 2014ರಲ್ಲಿ ಗೂಂಡಾ ಕಾಯ್ದೆಯನ್ನು ವಿಸ್ತರಿಸಿ ಡಿಜಿಟಲ್ ನಕಲು ಮಾರುವವರನ್ನೂ ಅದರೊಳಗೆ ತಂದಿತು. ಹೊಸ ಸಿನಿಮಾದ ಹಾಡು ಕದ್ದು ಮಾರುವವರ ಮೇಲೆ ಕ್ರಮ ಬೇಕು, ಅದು ಇಂದಿನ ಸಂಗೀತಗಾರರ ಅನ್ನದ ಪ್ರಶ್ನೆ. ಎಲ್ಲೂ ಸಿಗದ ರಂಗಗೀತೆಯ ಪ್ರತಿ ಮಾಡಿಟ್ಟವರನ್ನು ಅದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ.

ಯೂಟ್ಯೂಬಿನಲ್ಲಿ ತೀರ್ಮಾನ ಮಾಡುವುದು ಯಂತ್ರ. ಕಂಪನಿಗಳು ಕೊಟ್ಟ ಧ್ವನಿಯ ಮಾದರಿಯೊಂದಿಗೆ ಹೋಲಿಸಿ ಅದು ಹಕ್ಕು ದಾಖಲಿಸುತ್ತದೆ, ಜಾಹೀರಾತಿನ ಹಣ ಅತ್ತ ಹೋಗುತ್ತದೆ. ವಚನ, ದಾಸರ ಪದ, ತತ್ವಪದಗಳಿಗೆ ಒಡೆಯರಿಲ್ಲ; ಆದರೂ ಒಂದೇ ಪರಂಪರೆಯ ಧಾಟಿಯಲ್ಲಿ ಹಾಡಿದ ಎರಡು ದನಿಗಳನ್ನು ಯಂತ್ರ ಒಂದೆಂದು ಎಣಿಸುವ ಸಾಧ್ಯತೆ ಇದ್ದೇ ಇದೆ. ಇಂಥ ಸಂದರ್ಭದಲ್ಲಿ ಆಕ್ಷೇಪಣೆ ಸಲ್ಲಿಸುವ ಅವಕಾಶ ಅಲ್ಲೇ ಇರುತ್ತದೆ. ಸಾಹಿತ್ಯ ಮತ್ತು ಧಾಟಿ ಪರಂಪರೆಯವು, ಧ್ವನಿಮುದ್ರಣ ಸ್ವಂತದ್ದು ಎಂದು ಸ್ಪಷ್ಟವಾಗಿ ಬರೆದು ಸಲ್ಲಿಸುವುದನ್ನು ಹಳ್ಳಿಯ ಕಲಾವಿದರೂ ರೂಢಿ ಮಾಡಿಕೊಳ್ಳಬೇಕು.

ಇರುವ ದಾರಿಗಳು

ಹಳೆಯ ತಟ್ಟೆ, ಟೇಪು ಇಟ್ಟುಕೊಂಡವರು ಸ್ವಂತ ಬಳಕೆಗೆ, ಸಂಶೋಧನೆಗೆ ಅದನ್ನು ಡಿಜಿಟಲ್ ಮಾಡಿಕೊಳ್ಳುವುದು ನ್ಯಾಯಯುತ ಬಳಕೆಯೊಳಗೆ ಬರುತ್ತದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಿ ಈಗಾಗಲೇ ಇರುವ ಪ್ರತಿಯನ್ನು ಉಳಿಸುವ ಸಲುವಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು ಎಂದು 2012ರ ತಿದ್ದುಪಡಿ ಹೇಳಿದೆ. ಈ ಅವಕಾಶವನ್ನು ಧ್ವನಿಮುದ್ರಣಗಳಿಗೆ ಬಳಸಿಕೊಂಡ ಗ್ರಂಥಾಲಯ ಜಿಲ್ಲೆಗೊಂದಾದರೂ ಇರಬೇಕು. ಕಂಪನಿ ನಾಟಕದ ತವರಾದ ದಾವಣಗೆರೆಗಿಂತ ಅದಕ್ಕೆ ತಕ್ಕ ಊರು ಬೇರೆ ಇಲ್ಲ. ತಟ್ಟೆಯ ಲೇಬಲ್ಲಿನ ಮೇಲಿನ ಸಂಖ್ಯೆ, ಗಾಯಕರ ಹೆಸರು, ಪ್ರಕಟವಾದ ವರ್ಷ, ಕವಿ ಮತ್ತು ಮಟ್ಟು ಹಾಕಿದವರ ಮರಣದ ವರ್ಷ ಇಷ್ಟನ್ನು ದಾಖಲಿಸಿದರೆ ಯಾವುದು ಎಂದು ಮುಕ್ತವಾಗುತ್ತದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. 1966ರಲ್ಲಿ ಪ್ರಕಟವಾದ ಧ್ವನಿಮುದ್ರಣಗಳ ಸರದಿ 2027ರ ಜನವರಿ 1ರಂದು.

ಒಡೆಯರು ಗೊತ್ತಿದ್ದೂ ಮರುಪ್ರಕಟಣೆಗೆ ನಿರಾಕರಿಸಿದರೆ 31ನೇ ಕಲಮಿನಡಿ ಕಡ್ಡಾಯ ಪರವಾನಗಿ ಕೇಳಬಹುದು. ಒಡೆಯರೇ ಪತ್ತೆಯಾಗದಿದ್ದರೆ 31-ಎ ಕಲಮು ಇದೆ. ಅರ್ಜಿದಾರರು ತಮ್ಮ ಪ್ರಸ್ತಾವವನ್ನು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಮೇಲೆ ಅರ್ಜಿ ಹಾಕಬೇಕು. ಮೊದಲು ಇದನ್ನು ಕೃತಿಸ್ವಾಮ್ಯ ಮಂಡಳಿ ನೋಡುತ್ತಿತ್ತು. 2017ರಲ್ಲಿ ಅದು ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯೊಂದಿಗೆ ವಿಲೀನವಾಯಿತು, 2021ರಲ್ಲಿ ಆ ಮಂಡಳಿಯೂ ರದ್ದಾಗಿ ಅಧಿಕಾರ ವಾಣಿಜ್ಯ ನ್ಯಾಯಾಲಯಗಳಿಗೆ ಹೋಯಿತು. ಕನ್ನಡದ ರಂಗಗೀತೆಯ ವಾರಸುದಾರರು ಇಂಗ್ಲಿಷ್ ಪತ್ರಿಕೆ ಓದಿ ಮುಂದೆ ಬರುತ್ತಾರೆಂದು ನಿರೀಕ್ಷಿಸುವ ನಿಯಮ ಇದು. ಜಾಹೀರಾತಿನ ಖರ್ಚು, ವಕೀಲರ ಖರ್ಚು ಸೇರಿದರೆ ಮೂರು ನಿಮಿಷದ ಹಾಡಿಗೆ ಯಾರೂ ಆ ದಾರಿ ಹಿಡಿಯಲಾರರು. ಕೃತಿ ಹೊರಬರುವ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡುವ ನಿಯಮವನ್ನು ಕಾಯ್ದೆ ಅನುವಾದಕ್ಕಷ್ಟೇ ಇಟ್ಟಿದೆ. ಅದನ್ನು ಮೂಲ ಕೃತಿಗೂ ವಿಸ್ತರಿಸಿ ಇಂಗ್ಲಿಷ್ ಜಾಹೀರಾತನ್ನು ಕೈಬಿಡುವುದು ಸಣ್ಣ ತಿದ್ದುಪಡಿ.

ಬೇರೆ ದೇಶಗಳ ಲೆಕ್ಕ ಬೇರೆ ಇದೆ. ಐರೋಪ್ಯ ಒಕ್ಕೂಟ 2011ರಲ್ಲಿ ಧ್ವನಿಮುದ್ರಣದ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಅಮೆರಿಕದಲ್ಲಿ 1923ಕ್ಕಿಂತ ಹಿಂದಿನ ಧ್ವನಿಮುದ್ರಣಗಳು ಮುಕ್ತವಾದದ್ದು 2022ರ ಜನವರಿ 1ರಂದು, 2018ರ ಕಾಯ್ದೆಯ ಫಲವಾಗಿ. ಅದೇ ಕಾಯ್ದೆ, 1972ಕ್ಕಿಂತ ಹಿಂದಿನ, ಮಾರುಕಟ್ಟೆಯಲ್ಲಿ ಸಿಗದ ಧ್ವನಿಮುದ್ರಣವನ್ನು ಲಾಭದ ಉದ್ದೇಶವಿಲ್ಲದೆ ಬಳಸಲು ಬಯಸುವವರಿಗೆ ಸರಳ ದಾರಿಯೊಂದನ್ನು ಇಟ್ಟಿದೆ. ಮಾರಾಟದಲ್ಲಿ ಇದೆಯೇ ಎಂದು ಮೊದಲು ಪ್ರಾಮಾಣಿಕವಾಗಿ ಹುಡುಕಬೇಕು, ಸಿಗದಿದ್ದರೆ ಕೃತಿಸ್ವಾಮ್ಯ ಕಚೇರಿಗೆ ನೋಟಿಸ್ ಕೊಡಬೇಕು, 90 ದಿನದೊಳಗೆ ಒಡೆಯರು ಬೇಡವೆನ್ನದಿದ್ದರೆ ಬಳಸಬಹುದು. ಒಡೆಯರ ಮಾತಿಗೂ ಅಲ್ಲಿ ಬೆಲೆಯಿದೆ, ಕೇಳುಗರಿಗೂ ಹಾಡು ಸಿಗುತ್ತದೆ. ಭಾರತದ ಕಾಯ್ದೆಗೆ ಇಂಥ ಒಂದು ಕಲಮು ಬೇಕು. ಅದರ ಜೊತೆಗೆ, 1995ಕ್ಕೆ ಮುಂಚೆ ಹಾಡಿದವರ ಧ್ವನಿಮುದ್ರಣಗಳನ್ನು ಕಂಪನಿಗಳು ಈಗಲೂ ಮಾರುತ್ತಿದ್ದರೆ ಅದರಲ್ಲಿ ಆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಒಂದು ಪಾಲನ್ನು ಕಾನೂನೇ ನಿಗದಿ ಮಾಡಬೇಕು.